ಮಗ್ಗ ನಿಂತಾಗಿನ ಸಕ್ಕರೆ

ಇಂದುಮತಿ ಹೊಸ್ತಿಲು ದಾಟಿದಳೆಂದರೆ ಮಗ್ಗ ನಿಲ್ಲುತ್ತಿತ್ತು.

ಸಾವಳಹಟ್ಟಿಯ ನೇಕಾರ ಓಣಿಯಲ್ಲಿ ಬಂದವರಿಗೆ ಸಲ್ಲುವ ಮೊದಲ ಮರ್ಯಾದೆ ಅದು. ವಿದ್ಯುತ್ ಮಗ್ಗ ಓಡುವಾಗ ಮೊಳದ ದೂರದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಮಗ್ಗ ನಿಲ್ಲಿಸದೆ ಯಾರನ್ನಾದರೂ ಮಾತಾಡಿಸಿದರೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ ಹಾಗೆ. ಎರಡನೆಯ ಮರ್ಯಾದೆ ಚಹಾ. ಅದನ್ನೂ ಬಂದವರ ಕೈಗೆ ಕೊಟ್ಟು ತಾವು ಸುಮ್ಮನೆ ಮುಖ ನೋಡುತ್ತ ಕೂರುವ ಪದ್ಧತಿ ಇಲ್ಲಿಲ್ಲ. ಒಂದು ಕಪ್ಪು, ಅದರಡಿಗೆ ಒಂದು ಬಸಿ. ಕಪ್ಪಿನಲ್ಲಿದ್ದದ್ದು ಬಂದವರಿಗೆ, ಬಸಿಗೆ ಸುರಿದದ್ದು ಮನೆಯವರಿಗೆ.

"ಬಾರವಾ ಸಕ್ಕರಿ ಪೊಲೀಸ, ಕುಂದ್ರ ಬಾ," ಎಂದು ಬಾಳವ್ವ ಒಲೆಯ ಮುಂದಿನಿಂದಲೇ ಕೂಗಿದಳು. "ಇವತ್ತರ ನನ್ನ ಸೊಸೀನ್ನ ಹಿಡಕೊಂಡ ಹೊಕ್ಕೀಯೇನ?"

"ನಿಮ್ಮನ್ನ ಮೊದಲ ಹಿಡಿಬೇಕ್ರಿ ಆಯಿ. ಚಹಾಕ್ಕ ಎಷ್ಟ ಚಮಚ ಹಾಕೀರಿ?"

"ನೀ ಬಂದೀದಿ ಅಂತ ಒಂದ ಹೆಚ್ಚಿಗಿ. ಸಪ್ಪನ ಚಹಾ ಕೊಟ್ಟರ ಓಣ್ಯಾಗ ಏನಂದಾರು?"

ಮಗ್ಗದ ಹ್ಯಾಂಡಲ್ ಎಳೆದಿದ್ದ ಸೊಸೆ ದಾನಮ್ಮ, ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತ ಬಂದು ಚಾಪೆಯ ಮೇಲೆ ಕೂತಳು. ನಲವತ್ತಾರರ ಹೆಂಗಸು, ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ. ಎಡತೋಳಿನ ಮೇಲೆ ರೂಪಾಯಿಯಗಲದ ಬಿಲ್ಲೆ, ಸೊಂಟದಲ್ಲಿ ಬೆಂಕಿಪೊಟ್ಟಣದಷ್ಟು ಡಬ್ಬಿ. ಬಿಲ್ಲೆ ಚರ್ಮದೊಳಕ್ಕೆ ಬೆಳಕು ಬಿಟ್ಟು ರಕ್ತದ ಸಕ್ಕರೆಯನ್ನು ಓದುತ್ತದೆ, ಸೂಜಿಯ ಕಾಟವಿಲ್ಲ. ಓದಿದ್ದು ಜಿಲ್ಲಾ ಊರಿನ ನಿಗಾ ಕೇಂದ್ರಕ್ಕೆ ಹೋಗುತ್ತದೆ. ಎಷ್ಟು ಇನ್ಸುಲಿನ್ ಬಿಡಬೇಕೆಂದು ಅಲ್ಲಿನ ಯಂತ್ರ ಲೆಕ್ಕ ಹಾಕಿ ಡಬ್ಬಿಗೆ ತಿಳಿಸುತ್ತದೆ. ಡಬ್ಬಿ ಅಷ್ಟನ್ನು ಮೈಗೆ ಬಿಟ್ಟು, ಸಕ್ಕರೆಯ ಅಂಕಿಯನ್ನು ತನ್ನ ಮೇಲೆ ತೋರಿಸುತ್ತದೆ. ಎರಡು ವರ್ಷದ ಹಿಂದೆ ಈ ಯೋಜನೆ ಬಂದಾಗ ಆರೋಗ್ಯ ಕಾರ್ಯಕರ್ತೆ ಇಂದುಮತಿಯ ಪಾಲಿಗೆ ಈ ಓಣಿಯ ಇಪ್ಪತ್ತಮೂರು ಮನೆಗಳು ಬಂದವು. ದಿನ ಬಿಟ್ಟು ದಿನ ಪ್ರತಿ ಮನೆಗೂ ಹೋಗಿ ಪಾದ ನೋಡಬೇಕು, ಬಿಲ್ಲೆ ಬದಲಿಸಬೇಕು, ಡಬ್ಬಿ ತುಂಬಬೇಕು. ಕೊರಳಲ್ಲಿ ತೂಗುವ ಗುರುತಿನ ಕಾರ್ಡು ಅವಳು ಯಾವ ಮನೆಯೊಳಗೆ ಎಷ್ಟು ಹೊತ್ತು ಇದ್ದಳೆಂದು ಕೇಂದ್ರಕ್ಕೆ ಹೇಳುತ್ತಿತ್ತು.

ತರಬೇತಿಯಲ್ಲಿ ಹೇಳಿದ್ದರು: ಮನೆಗಳಲ್ಲಿ ಏನನ್ನೂ ತೆಗೆದುಕೊಳ್ಳಕೂಡದು, ನೀರನ್ನೂ ಕೂಡ. ಇಂದುಮತಿ ಅದನ್ನು ಬರೆದುಕೊಂಡಿದ್ದಳು, ಅಡಿಗೆರೆ ಕೂಡ ಎಳೆದಿದ್ದಳು. ಆದರೆ ಅವಳ ತಾಯಿ ಇದೇ ಓಣಿಯಲ್ಲಿ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ಕೂಸು ಹಿಡಿಯಲು ಒಳಕೋಣೆಯ ತನಕ ಕರೆಯುತ್ತಿದ್ದರು, ಚಹಾ ಮಾತ್ರ ಹೊರಗಿನ ಕಟ್ಟೆಯ ಮೇಲೆ, ಗೂಡಿನಲ್ಲಿಟ್ಟ ಬೇರೆ ಗ್ಲಾಸಿನಲ್ಲಿ. ಎರಡು ವರ್ಷದ ಹಿಂದೆ, ಮೊದಲ ದಿನವೇ, ದಾನಮ್ಮ ತನ್ನ ಮನೆಯ ಕಪ್ಪಿನ ಚಹಾವನ್ನು ಅರ್ಧ ಬಸಿಗೆ ಸುರಿದುಕೊಂಡು ಉಳಿದದ್ದನ್ನು ಇಂದುಮತಿಯ ಕೈಗಿತ್ತಿದ್ದಳು. ದಾನಮ್ಮ ಮಾಡಿದ್ದನ್ನು ನೋಡಿ ಮಿಕ್ಕ ಮನೆಗಳೂ ಒಂದೊಂದಾಗಿ ಹಾಗೆಯೇ ಮಾಡಿದವು. ಅದಕ್ಕೆ ಬೇಡ ಅನ್ನುವ ಶಕ್ತಿ ಇಂದುಮತಿಗೆ ಇರಲಿಲ್ಲ. ದಿನಕ್ಕೆ ಹನ್ನೊಂದು ಅರ್ಧ ಕಪ್ಪು. ಎದೆ ಉರಿದರೂ ಕುಡಿಯುತ್ತಿದ್ದಳು.

ಅವತ್ತೂ ಕುಡಿದಳು. ಕುಡಿಯುತ್ತಿರುವಾಗಲೇ ಫೋನಿಗೆ ಸಂದೇಶ ಬಂತು: ನಾಳೆ ಹತ್ತಕ್ಕೆ ನಿಗಾ ಕೇಂದ್ರಕ್ಕೆ ಹಾಜರಾಗಬೇಕು.

"ಏನಂತ?" ಎಂದಳು ದಾನಮ್ಮ.

"ಗೊತ್ತಿಲ್ರೆಕ್ಕಾ."

"ಬಡ್ತಿ ಇರಬೇಕ ತಗೊ," ಎಂದು ಬಾಳವ್ವ ನಕ್ಕಳು. ಇಂದುಮತಿಗೆ ನಗು ಬರಲಿಲ್ಲ.

*

ನಿಗಾ ಕೇಂದ್ರದಲ್ಲಿ ಸದ್ದೇ ಇರಲಿಲ್ಲ. ತಂಪು ಗಾಳಿ, ಗೋಡೆಯ ತುಂಬ ಪರದೆ, ಪರದೆಯ ತುಂಬ ಏರಿಳಿಯುವ ಗೆರೆಗಳು. ಮಗ್ಗಗಳ ನಡುವೆ ಹುಟ್ಟಿ ಬೆಳೆದ ಇಂದುಮತಿಗೆ ಇಂಥ ನಿಶ್ಶಬ್ದದಲ್ಲಿ ಕಿವಿ ಗುಂಯ್ಯೆನ್ನುತ್ತಿತ್ತು. ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ತಿಳಿಯದೆ ಬಿಟ್ಟುಬಂದಿದ್ದಳು. ಒಳಗೆ ಎಲ್ಲರ ಕಾಲಲ್ಲೂ ಬೂಟು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ರಘುವೀರ್ ಮೈಸೂರು ಕಡೆಯವರು, ದನಿ ಏರಿಸದ ಮನುಷ್ಯ. ಪಕ್ಕದಲ್ಲಿ ಗೆರೆಗಳನ್ನು ಓದುವ ಕೆಲಸದ ನಫೀಸಾ ಮುಲ್ಲಾ, ವಿಜಯಪುರದ ಹುಡುಗಿ, ಇಪ್ಪತ್ತೈದರ ಆಸುಪಾಸು.

"ಕೂತ್ಕೊಳ್ಳಿ ಇಂದುಮತಿ," ಎಂದರು ಡಾಕ್ಟರು. "ಇಡೀ ಜಿಲ್ಲೆಯಲ್ಲಿ ನಾಲ್ಕುನೂರು ಕಾರ್ಯಕರ್ತೆಯರು ಇದಾರೆ. ಕಾರ್ಯಕರ್ತೆ ಹೋದ ಮನೆಗಳಲ್ಲಿ ಸಕ್ಕರೆ ಇಳಿಯುತ್ತೆ. ನಿಮ್ಮ ಮನೆಗಳಲ್ಲಿ ಮಾತ್ರ ಏರುತ್ತೆ. ನೀವು ಒಳಗೆ ಹೋದ ಇಪ್ಪತ್ತು ನಿಮಿಷಕ್ಕೆ ಏರುತ್ತೆ. ಪ್ರತಿ ಸಲ."

ನಫೀಸಾ ಪರದೆಯ ಮೇಲೆ ತೋರಿಸಿದಳು. ಇಪ್ಪತ್ತಮೂರು ಗೆರೆಗಳನ್ನು ಒಂದರ ಮೇಲೊಂದು ಜೋಡಿಸಿದ್ದರು. ಇಂದುಮತಿ ಒಳಗೆ ಹೋದ ಗಳಿಗೆಗೆ ಒಂದು ಕೆಂಪು ಗುರುತು. ಅದರ ಬಲಕ್ಕೆ ಎಲ್ಲ ಗೆರೆಗಳೂ ಒಟ್ಟಿಗೇ ಗುಡ್ಡ ಹತ್ತಿದ್ದವು.

"ಆ ಇಪ್ಪತ್ತು ನಿಮಿಷ ನೀವೇನು ಮಾಡ್ತೀರಿ?"

ಚಹಾ ಎಂಬ ಮಾತು ಇಂದುಮತಿಯ ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಕಟ್ಟೆಯ ಮೇಲಿನ ಗ್ಲಾಸು ಬಂತು, ತಾಯಿ ಬಂದಳು, ದಾನಮ್ಮನ ಬಸಿ ಬಂತು. ಈ ತಂಪು ಕೋಣೆಯಲ್ಲಿ, ಬೂಟು ತೊಟ್ಟವರ ಮುಂದೆ, ಅದನ್ನೆಲ್ಲ ಎಲ್ಲಿಂದ ಶುರುಮಾಡುವುದು? ಚಹಾ ಕುಡಿದೆ ಎಂದರೆ ನಿಯಮ ಮುರಿದೆ ಎಂದಾಗುತ್ತದೆ. ಕೆಲಸ ಹೋಗುತ್ತದೆ. ಓಣಿಗೆ ಕೆಟ್ಟ ಹೆಸರು ಬರುತ್ತದೆ.

"ಏನಿಲ್ರಿ ಸರ್. ಪಾದ ನೋಡತೀನ್ರಿ. ಡಬ್ಬಿ ತುಂಬತೀನ್ರಿ."

"ಏನಾದರೂ ತಿನ್ನೋದು, ಕುಡಿಯೋದು?"

"ಇಲ್ರಿ."

ಡಾಕ್ಟರು ಅದನ್ನು ಬರೆದುಕೊಂಡರು. "ಸರಿ. ಹಾಗಾದರೆ ನಿಮ್ಮ ಭೇಟಿಯೇ ಅವರನ್ನ ಗಾಬರಿ ಮಾಡ್ತಿದೆಯೋ ಏನೋ. ಗಾಬರಿಗೂ ಸಕ್ಕರೆ ಏರುತ್ತೆ. ಬೇರೆಯವರನ್ನ ಹಾಕೋತನಕ ನೀವು ಹೋಗೋದು ಬೇಡ. ಯಂತ್ರ ಹಗಲಿನ ಡೋಸು ಏರಿಸಿಕೊಂಡು ಹೋಗ್ತಿದೆ, ಅದು ನೋಡ್ಕೊಳ್ಳುತ್ತೆ."

ಹೊರಗೆ ನೀರಿನ ಫಿಲ್ಟರಿನ ಹತ್ತಿರ ನಫೀಸಾ ಸಿಕ್ಕಳು. ಊರ ಕಡೆಯ ಮಾತಿಗೆ ಇಳಿದಳು. "ಮನಸಿಗೆ ಹಚ್ಚಿಕೋಬ್ಯಾಡ್ರಿ ಅಕ್ಕಾರ. ನಿಮ್ಮ ಓಣಿ ಗೆರಿನ ಒಂಥರಾ ಅದಾವ. ಬರೇ ಚುಕ್ಕಿ."

"ಚುಕ್ಕಿ ಅಂದ್ರ?"

"ಗಟ್ಟಿ ಗೆರಿ ಅಂದ್ರ ಬಿಲ್ಲೆ ಖರೇ ಓದಿದ್ದು. ತೋಳು ಅಲುಗಿದರ ಬೆಳಕು ಚದುರತೈತಿ, ಆ ಓದನ್ನ ಯಂತ್ರ ಬಿಟ್ಟ ಬಿಡತೈತಿ. ನಡುವ ಖಾಲಿ ಉಳಿದಿದ್ದಕ್ಕ ಹಿಂದಿನ ಓದು ನೋಡಿ ಅಂದಾಜು ಹಾಕಿ ಚುಕ್ಕಿ ಇಡತೈತಿ. ನಿಮ್ಮ ಕಡೆ ಮಂದಿ ಬಾಳ ಅಲಗಾಡತಾರ ಅನಸ್ತೈತಿ," ಎಂದು ನಕ್ಕಳು.

ಇಂದುಮತಿ ಬಸ್ಸಿನ ಕಿಟಕಿಗೆ ಹಣೆ ತಾಗಿಸಿಕೊಂಡು ಕೂತಳು. ಗಾಜು ಅದುರುತ್ತಿತ್ತು, ಹಣೆಯೂ ಅದುರುತ್ತಿತ್ತು. ಏನೋ ಒಂದು ಹೊಳೆದಂತಾಗಿ ಜಾರಿಹೋಯಿತು. ಊರು ಬರುವ ತನಕ ಅದನ್ನೇ ಹುಡುಕಿದಳು, ಸಿಗಲಿಲ್ಲ.

*

ಎರಡು ದಿನ ಮನೆಯಲ್ಲಿದ್ದಳು. ಒಂದೇ ಗೂಡನ್ನು ಮೂರು ಸಲ ಒರೆಸಿದಳು. ಅನ್ನ ಹೊತ್ತಿಸಿದಳು. ನೀರು ತರಲು ಹೋಗಿ ಕೊಡವನ್ನು ಅಲ್ಲೇ ಬಿಟ್ಟುಬಂದಳು. ದೂರದಿಂದ ಓಣಿಯ ಮಗ್ಗಗಳ ಸದ್ದು ಬರುತ್ತಲೇ ಇತ್ತು. ಮಗ್ಗಗಳಿಗಾಗಿ ಬೇರೆ ಲೈನ್ ಎಳೆದ ಮೇಲೆ ಕರೆಂಟು ಹೋಗುವುದೆಂಬುದೇ ಇರಲಿಲ್ಲ. ಬೆಳಗಿನ ಏಳಕ್ಕೆ ಶುರುವಾದದ್ದು ರಾತ್ರಿಯ ತನಕ ಖಟಪಟ ಖಟಪಟ.

ಎರಡನೆಯ ದಿನ ಮಧ್ಯಾಹ್ನ ಚೀಲದಿಂದ ತನ್ನ ನೋಟುಬುಕ್ಕು ತೆಗೆದಳು. ಕೇಂದ್ರ ಕೇಳಿದ್ದಲ್ಲ ಅದು. ಮನೆಯವರು ಬಾಯಿಮಾತಿಗೆ ಹೇಳಿದ್ದನ್ನೆಲ್ಲ ಅವಳು ಸುಮ್ಮನೆ ಅದರಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಹಾಳೆ ತಿರುವುತ್ತ ಹೋದಳು. ‘ದಾನಕ್ಕ: ಹನ್ನೊಂದರ ಸುಮಾರು ಕೈ ನಡುಗುತ್ತದಂತೆ.’ ‘ಮೂಲೆಮನೆಯ ಅಜ್ಜ: ಊಟಕ್ಕೆ ಮುಂಚೆ ಕಣ್ಣಿಗೆ ಕತ್ತಲೆ.’ ‘ಮೇಲಿನ ಮನೆಯ ಸರೋಜಕ್ಕ: ಲಾಳಿ ಎರಡಾಗಿ ಕಂಡಿತಂತೆ.’ ‘ದಾನಕ್ಕ: ಬೆವರು, ಸೀರೆ ತೊಯ್ಯುವಷ್ಟು. ಡಬ್ಬಿ ನೋಡಿದರೆ ಇನ್ನೂರು. ಅದಕ್ಕೇ ಒಪ್ಪೊತ್ತು ಉಣ್ಣಲಿಲ್ಲ ಅಂದಳು.’

ಕೊನೆಯ ಸಾಲನ್ನು ಎರಡು ಸಲ ಓದಿದಳು. ನಡುಕ, ಬೆವರು, ಕಣ್ಣುಕತ್ತಲೆ ಸಕ್ಕರೆ ಏರಿದವರ ಲಕ್ಷಣವಲ್ಲ, ಇಳಿದವರದು. ತರಬೇತಿಯ ಮೊದಲ ದಿನದ ಪಾಠ ಅದು.

ಬಸ್ಸಿನಲ್ಲಿ ಜಾರಿಹೋಗಿದ್ದು ಈಗ ಕೈಗೆ ಸಿಕ್ಕಿತು.

ಮಗ್ಗ ಓಡುವಾಗ ನೆಲ ಅದುರುತ್ತದೆ, ಗೋಡೆ ಅದುರುತ್ತದೆ, ದಾನಮ್ಮನ ತೋಳೂ ಅದುರುತ್ತದೆ. ಆ ಹೊತ್ತಿನ ಓದನ್ನೆಲ್ಲ ಯಂತ್ರ ಚೆಲ್ಲಿಬಿಡುತ್ತದೆ. ಹಗಲಲ್ಲಿ ಅದು ದಾನಮ್ಮನನ್ನು ನೋಡುವುದು ಮಗ್ಗ ನಿಂತಾಗ ಮಾತ್ರ. ಮಗ್ಗ ನಿಲ್ಲುವುದು ಯಾವಾಗ? ನಾಷ್ಟಾಕ್ಕೆ, ಊಟಕ್ಕೆ, ಮತ್ತೆ ಇಂದುಮತಿ ಬಂದಾಗ ಚಹಾಕ್ಕೆ. ಅಮಾವಾಸ್ಯೆಗೊಮ್ಮೆ ಮಗ್ಗಕ್ಕೆ ರಜೆ, ಅವತ್ತು ಮನೆಮನೆಗೂ ಹೋಳಿಗೆ. ಪಾಪ, ಬಾಯಲ್ಲಿ ಏನಾದರೂ ಇರುವಾಗಲೇ ಆ ಯಂತ್ರ ಇವರನ್ನು ಕಂಡದ್ದು. ಇಡೀ ದಿನ ಇವರು ತಿನ್ನುತ್ತಲೇ ಇರುತ್ತಾರೆಂದು ಅದು ನಂಬಿದೆ. ನಂಬಿ ಡೋಸು ಏರಿಸುತ್ತಿದೆ. ದಿನವಿಡೀ ನಿಂತು ದುಡಿಯುವ ಮೈಯ ಸಕ್ಕರೆ ಒಳಗೊಳಗೇ ಬತ್ತುತ್ತಿದೆ, ಅದನ್ನು ಕಂಡವರೇ ಇಲ್ಲ.

ಅವತ್ತೇ ಹೇಳಿದ್ದರೆ? ಮಗ್ಗ ನಿಲ್ಲಿಸುತ್ತಾರೆ, ಚಹಾ ಕುಡಿಯುತ್ತೇವೆ ಅಂತ ಎರಡು ಮಾತು ಅಂದಿದ್ದರೆ ನಫೀಸಾಳಿಗೆ ಅಲ್ಲೇ ಹೊಳೆಯುತ್ತಿತ್ತು. ಫೋನ್ ಕೈಗೆತ್ತಿಕೊಂಡಳು. ಇಟ್ಟಳು. ತನ್ನದು ಬರೀ ಊಹೆಯಾಗಿದ್ದರೆ? ಮೊದಲು ಕಣ್ಣಾರೆ ನೋಡಿ ಹೇಳೋಣ, ಅಂದುಕೊಂಡಳು. ಹಾಗಂದುಕೊಂಡದ್ದು ಎಚ್ಚರದಿಂದಲೋ ಅಂಜಿಕೆಯಿಂದಲೋ ಅವಳಿಗೇ ತಿಳಿಯಲಿಲ್ಲ.

*

ಮರುದಿನ ಹನ್ನೊಂದೂಕಾಲಿಗೆ ಕಾರ್ಡನ್ನು ಮನೆಯ ಮೊಳೆಗೆ ತೂಗುಹಾಕಿ, ಹಳೆಯ ಸೂಜಿ ಮೀಟರನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ಬಿಲ್ಲೆಗಳು ಬಂದಾಗ ಮೀಟರುಗಳನ್ನು ವಾಪಸು ಕೊಡಬೇಕೆಂದಿದ್ದರು, ಇವಳದು ಹೇಗೋ ಉಳಿದುಕೊಂಡಿತ್ತು.

ಹೊಸ್ತಿಲು ದಾಟಿದಳು. ಮಗ್ಗ ನಿಲ್ಲಲಿಲ್ಲ.

ದಾನಮ್ಮ ಅವಳ ಕಡೆ ತಿರುಗಿದಳು. ಕಣ್ಣು ಇವಳ ಮೇಲೆ ಬಿತ್ತು, ಆದರೆ ಇವಳನ್ನು ನೋಡಲಿಲ್ಲ. ಮುಖ ಬೂದಿಯಾಗಿತ್ತು. ಕುಪ್ಪಸ ಬೆನ್ನಿಗೆ ಅಂಟಿತ್ತು. ಉದ್ದಕ್ಕೆ ಬಿಗಿದ ಹಾಸಿನಲ್ಲಿ ಕೈಯಗಲ ಎಳೆ ಕಿತ್ತುಹೋಗಿದ್ದರೂ ಲಾಳಿ ಅತ್ತಿಂದಿತ್ತ ಹಾಯುತ್ತಲೇ ಇತ್ತು. ಆ ಕಿತ್ತ ಎಳೆಗಳನ್ನು ಹಿಡಿಯಲು ದಾನಮ್ಮ ಓಡುವ ಮಗ್ಗದೊಳಕ್ಕೆ ಕೈ ಚಾಚುತ್ತಿದ್ದಳು.

ಇಂದುಮತಿ ಹಾರಿಬಂದು ಅವಳ ಸೊಂಟ ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಮುಂದಿನ ಪಡಸಾಲೆಯಿಂದ ದಾನಮ್ಮನ ಗಂಡ ಮುರಿಗೆಪ್ಪ ಓಡಿಬಂದು ಮಗ್ಗ ಬಂದ್ ಮಾಡಿದ.

"ಏನಾತು? ಏನಾತ ಇಕಿಗೆ?"

"ಆಯಿ, ಸಕ್ಕರಿ ತರ್ರಿ! ನೀರಾಗ ಕಲಸಿ ತರ್ರಿ, ಲಗೂನ!" ಇಂದುಮತಿ ದಾನಮ್ಮನ ಬೆರಳಿಗೆ ಸೂಜಿ ಚುಚ್ಚಿದಳು. ಐದು ಸೆಕೆಂಡು. ಮೀಟರಿನಲ್ಲಿ ನಲವತ್ತೊಂಬತ್ತು.

ದಾನಮ್ಮನ ಸೊಂಟದ ಡಬ್ಬಿಯಲ್ಲಿ ಇನ್ನೂರ ಇಪ್ಪತ್ತಾರು.

ಬಾಳವ್ವ ಡಬ್ಬಿ ನೋಡಿ ಸಕ್ಕರೆಯ ಲೋಟವನ್ನು ಎದೆಗವಚಿಕೊಂಡು ನಿಂತಳು. "ಏ ಹುಚ್ಚಿ, ಇನ್ನೂರಾ ಇಪ್ಪತ್ತಾರ ಐತಿ ಅಂತ ಇಲ್ಲೇ ಬರದೈತಲ್ಲ! ಸಕ್ಕರಿ ಮ್ಯಾಲೆ ಸಕ್ಕರಿ ಹಾಕಿ ಕೊಲ್ಲಾಕ ಬಂದೀಯೇನ? ಅದಕ್ಕ ನಿನ್ನ ಬರಬ್ಯಾಡ ಅಂದಾರ ಅಂತ, ಊರೆಲ್ಲ ಗೊತ್ತಾಗೇತಿ."

"ಡಬ್ಬಿ ಸುಳ್ಳ ಹೇಳಾಕತ್ತೇತ್ರಿ ಆಯಿ. ಅದು ಅಂದಾಜು."

"ಸರಕಾರದ ಡಬ್ಬಿ ಸುಳ್ಳು, ನಿನ್ನ ಹಳೇ ಮೀಟರ ಖರೇ?"

ಇಂದುಮತಿ ಮೀಟರನ್ನು ಮತ್ತೊಮ್ಮೆ ನೋಡಿದಳು. ಹಳೆಯ ಮೀಟರು ಕೆಟ್ಟಿದ್ದರೆ? ತಾನು ಈಗ ಕುಡಿಸುವ ಸಕ್ಕರೆಯೇ ವಿಷವಾದರೆ? ಮಂಡಿಯ ಮೇಲೆ ದಾನಮ್ಮನ ತಲೆ ಹಸಿಬಟ್ಟೆಯ ಮುದ್ದೆಯ ಹಾಗೆ ಬಿದ್ದಿತ್ತು. ತುಟಿ ಏನೋ ಗೊಣಗುತ್ತಿತ್ತು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹೊಳೆಯಿತು: ಊಟದ ಮುಂಚಿನ ಡೋಸು 12:00ಕ್ಕೆ.

ಅವಳು ಯೋಚಿಸುವುದನ್ನು ಬಿಟ್ಟಳು. ಡಬ್ಬಿಯನ್ನು ಹಿಡಿದು ಕಿತ್ತಳು. ಅಂಟು ಚರ್ಮದ ಜೊತೆ ಬಂತು, ಒಂದು ಹನಿ ರಕ್ತವೂ ಬಂತು. ಬಾಳವ್ವನ ಕೈಯಿಂದ ಲೋಟ ಕಸಿದು ದಾನಮ್ಮನ ಬಾಯಿಗೆ ಚೂರು ಚೂರೇ ಹನಿಸತೊಡಗಿದಳು. ಬಾಳವ್ವ ಬೈಯುತ್ತಲೇ ಇದ್ದಳು. ಮುರಿಗೆಪ್ಪ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ಕೂತು ಹೆಂಡತಿಯ ಗದ್ದ ಎತ್ತಿ ಹಿಡಿದ.

ಡಬ್ಬಿ ಕಿತ್ತ ಎರಡೇ ನಿಮಿಷಕ್ಕೆ ಮುರಿಗೆಪ್ಪನ ಫೋನ್ ಹೊಡೆದುಕೊಂಡಿತು, ಇಂದುಮತಿಯೇ ಎತ್ತಿದಳು. ನಿಗಾ ಕೇಂದ್ರ. ನಫೀಸಾ.

"ದಾನಮ್ಮ ಅವರ ಡಬ್ಬಿ ಸಂಪರ್ಕ ತಪ್ಪೇತ್ರಿ, ಯಾರರ..."

"ನಾ ಇಂದುಮತಿ ಮಾತಾಡೋದು. ನಾನ ಕಿತ್ತೀನಿ. ಆಕಿ ಸಕ್ಕರಿ ನಲವತ್ತೊಂಬತ್ತಕ್ಕ ಇಳದಿತ್ತು ಮೇಡಂ."

ಆಚೆ ಕೀಲಿಗಳ ಸದ್ದು. "ನಂಗ ಇನ್ನೂರಾ ಇಪ್ಪತ್ತಾರ ಕಾಣತೈತಿ."

"ಚುಕ್ಕಿಯೋ ಗೆರಿಯೋ?"

ಮತ್ತೆ ಕೀಲಿಗಳ ಸದ್ದು. "ಚುಕ್ಕಿ. ಮುಂಜಾನಿ ಒಂಬತ್ತರಿಂದ ಬರೇ ಚುಕ್ಕಿ."

"ನಾ ಅವತ್ತ ಸುಳ್ಳ ಹೇಳಿದೆ," ಎಂದಳು ಇಂದುಮತಿ. ಹೇಳಿದ ಮೇಲೆ ಉಳಿದದ್ದು ತಾನೇ ಬಂತು. "ಮನಿಮನ್ಯಾಗ ಚಹಾ ಕುಡಿತಿದ್ದೆ. ನಾ ಬಂದ ಕೂಡ್ಲೆ ಮಗ್ಗ ನಿಂದರಸ್ತಾರ, ಸಿಹಿ ಚಹಾ ಕಾಸತಾರ, ಕೂಡಿ ಕುಡಿತೀವಿ. ಮಗ್ಗ ಓಡೂಮುಂದ ಮೈಯೆಲ್ಲ ಅದುರತೈತಿ. ನಿಮಗ ಇವರು ಕಾಣೋದ ಮಗ್ಗ ನಿಂತಾಗ. ಮಗ್ಗ ನಿಂತಾಗ ಇವರು ತಿಂತಿರತಾರ."

"ಯಾ ಅಲ್ಲಾ!" ನಫೀಸಾಳ ದನಿ ಸಣ್ಣದಾಯಿತು. "ಅಕ್ಕಾರ, ಹನ್ನೆರಡಕ್ಕ ಅಲ್ಲಿ ಎಲ್ಲಾ ಡಬ್ಬಿಗೂ ಡೋಸು ಹೊಕ್ಕೈತಿ. ಇವತ್ತಿಂದ ಮತ್ತ ಏರಿಸೇತಿ."

"ನಿಂದರಸ್ರಿ!"

"ನಿಂದರಸೋ ಅಧಿಕಾರ ನನಗಿಲ್ರಿ. ಡಾಕ್ಟರ್ ಸಹಿ ಬೇಕು, ಅವರು ಮೀಟಿಂಗನ್ಯಾಗ ಫೋನ್ ಬಂದ್ ಮಾಡ್ಯಾರ. ನಾ ಮನುಷ್ಯಾನ್ನ ಓಡಿಸ್ತೀನಿ, ಆದ್ರ..." ಗಂಟೆ ಹನ್ನೊಂದು ಮೂವತ್ತೆಂಟು. "ಒಂದ ದಾರಿ ಐತಿ. ಬಿಲ್ಲೆ ಖರೇ ಓದಿತು ಅಂದ್ರ ಯಂತ್ರ ಅಂದಾಜು ಬಿಟ್ಟ ಅದನ್ನ ನಂಬತೈತಿ. ಸಕ್ಕರಿ ಕಡಿಮಿ ಕಂಡರ ಡೋಸು ತಾನ ತಡಿತೈತಿ. ಬರೇ ನಾಕೈದು ನಿಮಿಷ, ಅವರ ತೋಳು ಅಲಗಾಡಬಾರದು."

ಇಪ್ಪತ್ತೆರಡು ಮನೆ. ಇಪ್ಪತ್ತೆರಡು ಹೊಸ್ತಿಲು ತುಳಿದು ಒಬ್ಬೊಬ್ಬರಿಗೂ ತಿಳಿಹೇಳುವ ಹೊತ್ತಿಗೆ ಸಂಜೆಯಾಗುತ್ತದೆ. ಪಕ್ಕದ ಮನೆಯ ಮಗ್ಗ ಗೋಡೆಯನ್ನು ಗುದ್ದುತ್ತಲೇ ಇತ್ತು.

ಇಂದುಮತಿ ಮುರಿಗೆಪ್ಪನ ಕಡೆ ನೋಡಿದಳು. "ಅಣ್ಣಾರ, ಓಣಿ ಮಗ್ಗ ಎಲ್ಲಾ ಒಮ್ಮಿಗೇ ನಿಂದ್ರಬೇಕು."

"ಎಲ್ಲಾ ಅಂದ್ರ? ಟಿಸಿ ಫ್ಯೂಜ್ ಕೀಳಬೇಕಾಕ್ಕೈತಿ." ಓಣಿಯ ತುದಿಯ ಟ್ರಾನ್ಸ್‌ಫಾರ್ಮರಿಗೆ ಅಲ್ಲಿ ಟಿಸಿ ಎನ್ನುತ್ತಿದ್ದರು. ಅವನು ಹೆಂಡತಿಯ ಮುಖ ನೋಡಿದ. "ಒಮ್ಮಿಗೇ ನಿಂತರ ಎಲ್ಲಾರ ಸೀರಿನೂ ಕೆಡತಾವ. ಓಣಿ ಮಂದಿ ನನ್ನ ಹುಗೀತಾರ."

"ಹುಗಿಲಿ ಹೋಗ ನೀ!" ಎಂದಳು ಬಾಳವ್ವ. ಅವಳ ಕಣ್ಣು ಸೊಸೆಯ ಮೇಲಿತ್ತು. ದಾನಮ್ಮನ ರೆಪ್ಪೆ ಅಲುಗಿತ್ತು. ಅಲುಗಿ, ತೆರೆದು, ಈ ಸಲ ನಿಜವಾಗಿಯೂ ಇಂದುಮತಿಯನ್ನು ನೋಡಿತ್ತು. "ಇಕಿಗೆ ಸಕ್ಕರೀನ ಬೇಕಾಗಿತ್ತಲ್ಲೋ. ನಿಂತೀಯಲ್ಲಾ ಕಂಬದಂಗ, ಹೋಗ!"

ಮುರಿಗೆಪ್ಪ ಒಣ ಬಿದಿರಿನ ಕೋಲು ಹಿಡಿದು ಓಡಿದ.

ಸ್ವಲ್ಪ ಹೊತ್ತಿಗೆ ಓಣಿ ನಿಂತಿತು.

ಸದ್ದು ಹೀಗೆ ನಿಲ್ಲಬಹುದೆಂದು ಇಂದುಮತಿಗೆ ಗೊತ್ತಿರಲಿಲ್ಲ. ಎದೆಯೊಳಗಿನ ಏನೋ ಒಂದು ಕಳಚಿಬಿದ್ದಂತಾಯಿತು. ಎಲ್ಲೋ ಒಂದು ಕೂಸು ಅಳುತ್ತಿದ್ದುದು, ಎಲ್ಲೋ ನಲ್ಲಿಯ ನೀರು ಬೀಳುತ್ತಿದ್ದುದು, ಯಾರೋ ಕೆಮ್ಮಿದ್ದು ಎಲ್ಲ ಮೊದಲ ಬಾರಿ ಕೇಳಿಸಿತು. ಆಮೇಲೆ ಬಾಗಿಲು ಬಾಗಿಲಿನಿಂದ ಬೈಗುಳ ಎದ್ದಿತು. ಬಾಳವ್ವ ಬೀದಿಯ ನಡುವೆ ಹೋಗಿ ನಿಂತು ಎಲ್ಲರಿಗಿಂತ ದೊಡ್ಡ ದನಿಯಲ್ಲಿ, "ಬಿಲ್ಲೆ ಇದ್ದಾವರು ಕೈ ಅಲಗಾಡಸಬ್ಯಾಡ್ರೋ! ಕುಂತಲ್ಲೇ ಕುಂದರ್ರಿ! ನನ್ನ ಆಮ್ಯಾಲೆ ಬೈರಿ!" ಎಂದು ಕೂಗತೊಡಗಿದಳು.

ಇಂದುಮತಿ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ನಫೀಸಾಳ ಉಸಿರಾಟ ಕೇಳುತ್ತಿತ್ತು. ಒಂದು ನಿಮಿಷ. ಎರಡು. ನಾಲ್ಕು.

"ಬಂತು," ಎಂದಳು ನಫೀಸಾ. "ಗಟ್ಟಿ ಗೆರಿ ಬಂತು. ಎಪ್ಪತ್ತೆರಡು. ನೂರಾ ಹತ್ತು. ಅರವತ್ತನಾಕು. ಐವತ್ತೆಂಟು... ಅಕ್ಕಾರ, ಬರಕೋತೀರೇನ? ಮೂಲಿಮನಿ ಹೆಗ್ಗೇರಿ ಅಜ್ಜಾರು ನಲವತ್ತಾರು. ಮೊದಲ ಅಲ್ಲಿಗೆ ಹೋಗ್ರಿ. ಸರೋಜಾ ಅನ್ನಾವರು ಐವತ್ತೊಂದು."

ಇಂದುಮತಿ ಬರೆದುಕೊಳ್ಳಲಿಲ್ಲ. ಸಕ್ಕರೆಯ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಓಡುತ್ತಿದ್ದಳು. ಹನ್ನೆರಡು ಹೊಡೆದಾಗ ಅವಳು ಮೂಲೆಮನೆಯ ಅಜ್ಜನ ಬಾಯಿಗೆ ಎರಡನೆಯ ಚಮಚ ಹಾಕುತ್ತಿದ್ದಳು. ಅಜ್ಜನ ಸೊಂಟದ ಡಬ್ಬಿ ಒಮ್ಮೆ ಮಿನುಗಿತು. ಅವಳ ಕೈ ಅರ್ಧಕ್ಕೇ ನಿಂತಿತು. ‘ಡೋಸು ತಡೆಯಲಾಗಿದೆ’ ಎಂದು ತೋರಿಸಿ ಡಬ್ಬಿ ಆರಿತು.

ಒಂಬತ್ತು ಮನೆಗಳಲ್ಲಿ ಸಕ್ಕರೆ ಕುಡಿಸಬೇಕಾಯಿತು. ಆಸ್ಪತ್ರೆಗೆ ಹೋದದ್ದು ಅಜ್ಜ ಒಬ್ಬನೇ. ಮೂರನೆಯ ದಿನ ತಿರುಗಿ ಬಂದ.

*

ಇಂದುಮತಿಯ ಮೇಲಿನ ವಿಚಾರಣೆ ಎಂಟು ದಿನಕ್ಕೆ. ಹೊರಡುವ ಹಿಂದಿನ ಸಂಜೆ ದಾನಮ್ಮ ಒಂದು ಸೀರೆ ಹಿಡಿದುಕೊಂಡು ಇಂದುಮತಿಯ ಮನೆಗೇ ಬಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಹಸಿರು ಮೈ, ಕೆಂಪು ಅಂಚು. ಒಡಲಿನ ನಡುವೆ ಅಡ್ಡಕ್ಕೆ ಒಂದು ಗೆರೆ, ಹತ್ತಿರದಿಂದ ನೋಡಿದರೆ ಕಾಣುವಂಥದ್ದು. ಹ್ಯಾಂಡಲ್ ಎಳೆಯದೆ, ಕರೆಂಟು ಕಡಿದು ಮಗ್ಗ ಒಮ್ಮೆಲೆ ನಿಂತರೆ ಅಡ್ಡ ಹಾಯುವ ಹೊಕ್ಕಿನ ಎಳೆ ಅಲ್ಲಿ ದಟ್ಟವಾಗಿ ಕೂರುತ್ತದೆ, ಏನು ಮಾಡಿದರೂ ಹೋಗುವುದಿಲ್ಲ.

"ನಮ್ಮ ಓಣ್ಯಾಗ ಅವತ್ತ ನೇದ ಸೀರಿಗೆಲ್ಲಾ ಇದ ಗೆರಿ ಬಿದ್ದೈತಿ," ಎಂದಳು ದಾನಮ್ಮ. "ಅಂಗಡ್ಯಾವರು ಒಂದೂ ಒಲ್ಲೆ ಅಂದಾರ. ಹೆಂಗಸರೆಲ್ಲಾ ಮನ್ಯಾಗ ಉಡಾಕತ್ತಾರ. ಇದು ಸರೋಜಂದು. ನೀ ತಗೋ."

"ನಂಗ ತಗೊಳ್ಳಾಕ ಬರಂಗಿಲ್ರೆಕ್ಕಾ. ಮೊದಲ ನನ್ನ ಮ್ಯಾಲೆ..."

"ನಾ ಕೇಳಿದ್ನೇನ ನಿನ್ನ, ತಗೋತಿಯೋ ಇಲ್ಲೋ ಅಂತ?" ದಾನಮ್ಮ ಸೀರೆಯನ್ನು ಅವಳ ಮಡಿಲಿಗೆ ಹಾಕಿ ಎದ್ದಳು. ಬಾಗಿಲಲ್ಲಿ ತಿರುಗಿ, "ನಾಳೆ ಏನ ಹೇಳಾಕಿ?" ಎಂದಳು. ಉತ್ತರಕ್ಕೆ ಕಾಯದೆ ಹೋದಳು.

ಮರುದಿನ ಕೇಂದ್ರದಲ್ಲಿ ಡಾಕ್ಟರ್ ರಘುವೀರ್ ತಾವೇ ಕುರ್ಚಿ ಎಳೆದು ಕೊಟ್ಟರು. ಮೇಜಿನ ಮೇಲೆ ಬೆರಳಚ್ಚು ಮಾಡಿದ ಎರಡು ಹಾಳೆ. ಮೂಲೆಯಲ್ಲಿ ನಫೀಸಾ ಕೈಕಟ್ಟಿ ಕೂತಿದ್ದಳು.

"ನೋಡಿ ಇಂದುಮ್ಮ," ಎಂದರು, ಮೊದಲಿಗಿಂತ ಮೆತ್ತಗೆ. "ನೀವು ಪ್ರಾಣ ಉಳಿಸಿದೀರಿ, ಅದನ್ನ ಯಾರೂ ಇಲ್ಲ ಅನ್ನಲ್ಲ. ಆದರೆ ಚಹಾ, ಕಾರ್ಡು ಬಿಟ್ಟು ಹೋಗಿದ್ದು, ಫ್ಯೂಸು... ಇದೆಲ್ಲ ದಾಖಲೆಗೆ ಬಂದರೆ ನಿಮ್ಮನ್ನ ಇಟ್ಟುಕೊಳ್ಳೋಕೆ ಆಗಲ್ಲ. ನಿಯಮ ನಾನು ಮಾಡಿದ್ದಲ್ಲ. ಅದಕ್ಕೇ ಸರಳವಾಗಿ ಬರೆದಿದೀನಿ: ಬಿಲ್ಲೆಗಳಲ್ಲಿ ತಾಂತ್ರಿಕ ದೋಷ. ಆ ಓಣಿಗೆ ಹೊಸ ಬಿಲ್ಲೆ ಹಾಕಿಸ್ತೀವಿ. ನೀವಿಲ್ಲಿ ಸಹಿ ಮಾಡಿ, ನಾಳೆಯಿಂದ ಕೆಲಸಕ್ಕೆ ಹೋಗಿ."

ಇಂದುಮತಿ ಹಾಳೆ ಓದಿದಳು. ಒಳ್ಳೆಯ ಕನ್ನಡವಿತ್ತು. ಮಗ್ಗ ಎಂಬ ಮಾತು ಎಲ್ಲೂ ಇರಲಿಲ್ಲ. ಯಾರು ಯಾವಾಗ ತಿನ್ನುತ್ತಾರೆ, ಯಾವಾಗ ನಿಂತು ದುಡಿಯುತ್ತಾರೆ, ಒಂದೂ ಇರಲಿಲ್ಲ.

"ಹೊಸಾ ಬಿಲ್ಲೆನೂ ಅದುರಿದರ ಓದತಾವೇನ್ರಿ?"

ಡಾಕ್ಟರು ನಫೀಸಾಳನ್ನು ನೋಡಿದರು. "ಇಲ್ರಿ," ಎಂದಳು ನಫೀಸಾ. "ಅವೂ ಇಂಥವ. ಅಂದಾಜು ಹಾಕೋದನ್ನ ತಿದ್ದಬೇಕಂದ್ರ ಕಾರಣ ಏನಂತ ಕಂಪನಿಗೆ ಬರದ ಕೊಡಬೇಕು. ಬರೇ ದೋಷ ಅಂದ್ರ ಅವರು ಬಿಲ್ಲೆ ಬದಲಿಸಿ ಕೈ ತೊಳಕೋತಾರ."

ಜಿಲ್ಲೆಯಲ್ಲಿ ಮಗ್ಗದ ಊರುಗಳು ಎಷ್ಟಿವೆಯೋ! ಅಲ್ಲಿ ಯಾರೂ ಚಹಾ ಕೊಡದಿದ್ದರೂ ಮಗ್ಗ ನಿಲ್ಲುವುದು ಉಣ್ಣುವಾಗಲೇ, ಅಲ್ಲೆಲ್ಲ ಯಾರೋ ಓಡುವ ಮಗ್ಗದೊಳಕ್ಕೆ ಕೈ ಚಾಚುತ್ತಿರುತ್ತಾರೆ. ಕೆಲಸ ಹೋದರೆ ಮುಂದೇನೆಂದು ಇಂದುಮತಿ ಎಂಟು ದಿನದಿಂದ ಯೋಚಿಸಿದ್ದಳು. ಉತ್ತರ ಸಿಕ್ಕಿರಲಿಲ್ಲ, ಈಗಲೂ ಸಿಗಲಿಲ್ಲ.

ಹಾಳೆಯನ್ನು ಮಡಚದೆ, ಹರಿಯದೆ, ಮೇಜಿನ ಆಚೆ ಬದಿಗೆ ಸರಿಸಿದಳು.

"ಬ್ಯಾರೆ ಹಾಳಿ ತಗೋರಿ ಸರ್. ನಾ ಹೇಳತೀನಿ, ನೀವು ಬರಕೋರಿ." ಅವಳು ಬೆರಳು ಮಡಚಿ ಎಣಿಸತೊಡಗಿದಳು. "ನಾ ಅವರ ಮನ್ಯಾಗ ಚಹಾ ಕುಡದೀನಿ. ಎರಡ ವರ್ಷ ಕುಡದೀನಿ. ಯಾವ ಮನ್ಯಾಗ, ಎಷ್ಟ ಹೊತ್ತಿಗೆ, ಮಗ್ಗ ಯಾವಾಗ ನಿಂತಿತ್ತು, ಎಲ್ಲಾ ನೆನಪೈತಿ."

ಡಾಕ್ಟರು ಪೆನ್ನು ಎತ್ತಲಿಲ್ಲ. ಅವರ ದೃಷ್ಟಿ ಅವಳ ಸೀರೆಯ ಮೇಲೆ, ಮೊಳಕಾಲಿನ ಹತ್ತಿರ ಅಂಚಿನ ತನಕ ಇಳಿದ ಗೆರೆಯ ಮೇಲೆ ಒಂದು ಗಳಿಗೆ ನಿಂತಿತು.

"ಹೌದ್ರಿ," ಎಂದಳು ಇಂದುಮತಿ. "ಇದೂ ಅಲ್ಲಿಂದ ತಗೊಂಡಿದ್ದ. ಇದನ್ನೂ ಬರಕೋರಿ."